ಹಲಸಿನ ಮೈ, ಬೇರೆಯವನ ಕತ್ತು

ತೊಂಬತ್ತರ ದಶಕದ ನಡುವೆ ನಾನು ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೆ. ಹಗಲೆಲ್ಲ ಸೋಲ್ಡರಿಂಗ್ ಹೊಗೆ, ಸಂಜೆಯಾದರೆ ಆರ್ಕೆಸ್ಟ್ರಾ. ಮದುವೆಯ ರಿಸೆಪ್ಷನ್, ಗಣೇಶನ ಪೆಂಡಾಲು, ನವೆಂಬರ್ ತಿಂಗಳಿಡೀ ರಾಜ್ಯೋತ್ಸವ. ಕೆ.ಆರ್.ಪೇಟೆಯಿಂದ ನಾಗಮಂಗಲದವರೆಗೆ ಎಲ್ಲಿ ಕರೆದರೂ ಮೆಟಡೋರ್ ಹತ್ತಿ ಹೋಗುತ್ತಿದ್ದೆವು. ನನಗೆ ಗಿಟಾರ್ ಅಷ್ಟಿಷ್ಟು ಬರುತ್ತಿತ್ತು. ಆದರೆ ನಮ್ಮ ತಂಡದಲ್ಲಿ ಬಾಸ್ ಗಿಟಾರ್ ಇರಲಿಲ್ಲ. ಕೀಬೋರ್ಡಿನವನೇ ಎಡಗೈಯಲ್ಲಿ ದಪ್ಪ ಸ್ವರ ಒತ್ತಿ ಸುಧಾರಿಸುತ್ತಿದ್ದ.

"ಹಾಡ್ಗೆ ಕಾಲೇ ಇಲ್ದಂಗೆ ಕೇಳ್ತದೆ ಕಣ್ಲಾ," ಅಂತ ನಮ್ಮ ಡ್ರಮ್ಸಿನವನು ಪ್ರತೀ ಪ್ರೋಗ್ರಾಮ್ ಮುಗಿದ ಮೇಲೂ ಗೊಣಗುತ್ತಿದ್ದ.

ಮೈಸೂರಿನ ಅಂಗಡಿಯ ಗಾಜಿನ ಹಿಂದೆ ತೂಗುಹಾಕಿದ್ದ ಹೊಸ ಬಾಸ್ ನಮ್ಮ ಕೈಗೆ ಎಟುಕುವಂಥದ್ದಲ್ಲ. ಹಾಗಾಗಿ ಅಲ್ಲೊಂದು ಇಲ್ಲೊಂದು ಬಿಡಿಭಾಗ ಹುಡುಕಿ ನಾನೇ ಒಂದನ್ನು ಜೋಡಿಸುತ್ತೇನೆ ಅಂದೆ. ಬಾಸ್ ಗಿಟಾರಿನಲ್ಲಿ ಕಷ್ಟದ ಭಾಗ ಅಂದರೆ ಕತ್ತು. ನಾಲ್ಕು ದಪ್ಪ ತಂತಿಗಳ ಎಳೆತಕ್ಕೆ ಬಾಗದ ಉದ್ದನೆಯ ಮರ, ಅದರ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳು. ಅದಕ್ಕೆ ಫ್ರೆಟ್ ಅನ್ನುತ್ತಾರೆ. ಒಂದು ಪಟ್ಟಿ ಕೂದಲೆಳೆಯಷ್ಟು ಆಚೀಚೆಯಾದರೂ ಸ್ವರ ಕೆಡುತ್ತದೆ. ಮಿಕ್ಕಿದ್ದನ್ನು ಹೇಗಾದರೂ ಮಾಡಿಕೊಳ್ಳಬಹುದು, ಕತ್ತನ್ನು ಮಾತ್ರ ಹುಡುಕಬೇಕು.

ಡ್ರಮ್ಸಿನವನ ಊರು ಶ್ರೀರಂಗಪಟ್ಟಣ. ಅವನೇ ಒಂದು ದಿನ ಅಂಗಡಿಗೆ ಬಂದು ಹೇಳಿದ.

"ನಮ್ಮೂರ ಕೋಟೆ ಒಳ್ಗೆ ಒಬ್ರು ಟೀಚರಮ್ಮ ಅವ್ರೆ. ಅವ್ರ ತಮ್ಮ ಬಾಸ್ ಬಾರಿಸ್ತಿದ್ದ. ಗಿಟಾರು ಅಟ್ಟದ ಮೇಲೈತೆ."

"ಅವ್ನು ಬಾರ್ಸಕಿಲ್ವಾ ಈಗ?"

"ಅವ್ನೆಲ್ಲವ್ನೆ ಅಂತ ಯಾರ್ಗೂ ಗೊತ್ತಿಲ್ಲ."

ನಡೆದದ್ದು ಇಷ್ಟು. ಕೆಲವು ವರ್ಷಗಳ ಹಿಂದೆ ಆ ತಮ್ಮ ಮೈಸೂರಿನ ಒಂದು ಆರ್ಕೆಸ್ಟ್ರಾದ ಜೊತೆ ಬೆಳ್ಳೂರಿಗೆ ಹೋಗಿದ್ದ. ನಡುವೆ ಹತ್ತು ನಿಮಿಷ ಬಿಡುವು ಕೊಟ್ಟಾಗ ಗಿಟಾರನ್ನು ಸ್ಪೀಕರ್ ಡಬ್ಬಕ್ಕೆ ಒರಗಿಸಿ, ಟೀ ಕುಡಿದು ಬರುತ್ತೇನೆ ಅಂತ ಸ್ಟೇಜಿನಿಂದ ಇಳಿದ. ಮತ್ತೆ ಬರಲಿಲ್ಲ. ಒಬ್ಬರು ಅವನನ್ನು ಹಾಸನದ ಬಸ್ಸಿನಲ್ಲಿ ಕಂಡೆ ಅಂದರು, ಇನ್ನೊಬ್ಬರು ಲಾರಿ ಹತ್ತಿದ ಅಂದರು. ಪೊಲೀಸರೂ ಹುಡುಕಿದರು. ಅಪ್ಪ ಅಮ್ಮ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಇದ್ದದ್ದು ಮದುವೆಯಾಗದೆ ಉಳಿದ ಅಕ್ಕ ಒಬ್ಬರೇ.

ನಾನು ಬಾಗಿಲು ತಟ್ಟುವ ಮೊದಲೇ ಅವರು ತೆಗೆದರು. ಆ ಮನೆಯ ಬೀದಿಬಾಗಿಲು ಹಗಲೆಲ್ಲ ಚಿಲಕವಿಲ್ಲದೆ ಬರೀ ಮುಂದಕ್ಕೆ ಎಳೆದಿರುತ್ತದೆ ಅನ್ನುವುದು ಆಮೇಲೆ ಗೊತ್ತಾಯಿತು. ನಲವತ್ತರ ಆಸುಪಾಸಿನ ತೆಳ್ಳನೆಯ ಹೆಂಗಸು, ಮಾತು ಕಮ್ಮಿ. ಒಳಗೆ ಗೋಡೆಗೆ ಒರಗಿದ ವೀಣೆ. ನಾನು ಬಂದ ಕೆಲಸ ಹೇಳಿದ ಮೇಲೆ ಅವರು ಅಟ್ಟಕ್ಕೆ ಏಣಿ ಇಡಲು ಹೇಳಿದರು.

ಗಿಟಾರ್ ಸಕ್ಕರೆ ಚೀಲದಲ್ಲಿತ್ತು. ಆವತ್ತು ಬೆಳ್ಳೂರಿನಿಂದ ಮೆಟಡೋರ್ ಮೇಲೆ ಕಟ್ಟಿ ತರುವಾಗ ಮಳೆಯಲ್ಲಿ ನೆಂದು ಅದರ ಪ್ಲೈವುಡ್ಡಿನ ಮೈ ಪದರ ಪದರ ಬಿಚ್ಚಿಕೊಂಡಿತ್ತು. ಕತ್ತಿಗೆ ಏನೂ ಆಗಿರಲಿಲ್ಲ. ಕಣ್ಣಿನ ನೇರಕ್ಕೆ ಹಿಡಿದು ನೋಡಿದೆ, ಗೆರೆ ಎಳೆದ ಹಾಗೆ ನೇರವಾಗಿತ್ತು. ಹಿಂಭಾಗದಲ್ಲಿ ಹೆಬ್ಬೆರಳು ಊರುವ ಕಡೆ ಪಾಲಿಶ್ ಸವೆದು ಮರ ನುಣ್ಣಗಾಗಿತ್ತು. ನನ್ನ ಹೆಬ್ಬೆರಳನ್ನು ಅಲ್ಲಿಟ್ಟೆ. ಸರಿಯಾಗಿ ಕೂತಿತು. ಯಾಕೋ ತಕ್ಷಣ ತೆಗೆದುಬಿಟ್ಟೆ.

"ಕತ್ತು ತಗೊಂಡು ಹೋಗಪ್ಪ," ಅಂದರು ಅವರು. "ಅವನು ಬಂದರೆ ಹೇಳ್ತೀನಿ, ವಾಪಸ್ ಕೊಡುವಿಯಂತೆ."

"ಆಯ್ತು ಮೇಡಂ," ಅಂದೆ.

ಮೈ ಮಾಡಿಸಿದ್ದು ಕೆ.ಆರ್.ಪೇಟೆ ತಾಲ್ಲೂಕಿನ ಸಿಂಧಘಟ್ಟದಲ್ಲಿ. ಅದು ನಮ್ಮವ್ವನ ತವರು. ಮಾವನ ಮನೆಗೆ ಬಾಗಿಲು ಕಿಟಕಿ ಮಾಡಿಕೊಟ್ಟಿದ್ದ ಆಚಾರ್ರ ಹತ್ತಿರ ಹಳೇ ಮನೆಯೊಂದರ ಅಟ್ಟದಿಂದ ಇಳಿಸಿದ ಹಲಸಿನ ಹಲಗೆ ಇತ್ತು. ಒಣಗಿ ಕಬ್ಬಿಣದ ಹಾಗಾಗಿತ್ತು, ಬಣ್ಣ ಮಾತ್ರ ಇನ್ನೂ ಅರಿಶಿನ. ರಟ್ಟಿನಲ್ಲಿ ಕತ್ತರಿಸಿದ್ದ ನಕ್ಷೆಯನ್ನು ಹಲಗೆಯ ಮೇಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆದೆ. ಆಚಾರ್ರು ನಗುತ್ತಲೇ ಇದ್ದರು.

"ಇದೇನ್ಲಾ ಇದು, ಕುಂಬ್ಳಕಾಯಿಗೆ ಕೊಂಬು ಬಂದಂಗೈತೆ?"

ಆದರೆ ಚೀಲದಿಂದ ಕತ್ತನ್ನು ತೆಗೆದು ಕೊಟ್ಟಾಗ ಅವರ ನಗು ನಿಂತಿತು. ತಿರುಗಿಸಿ ಹಿಂಭಾಗದ ಸವೆತ ನೋಡಿದರು.

"ಯಾರ್ದಪ್ಪ ಇದು?"

ಕಥೆ ಹೇಳಿದೆ.

"ಬದ್ಕವ್ನೋ ಸತ್ತವ್ನೋ?"

"ಗೊತ್ತಿಲ್ಲ ಆಚಾರ್ರೆ."

"ಬದ್ಕಿದ್ರೆ ಅವುನ್ನ ಕೇಳ್ಬೇಕು. ಸತ್ತಿದ್ರೆ ಒಂದ್ ಕಾಯಿ ಒಡ್ದು ಸುರು ಮಾಡ್ಬೋದು. ಎಲ್ಡೂ ಅಲ್ದಿದ್ರೆ ಉಳಿ ಇಕ್ಕಕ್ಕೆ ಒಂಥರಾ ಆಯ್ತದೆ ಕಣಪ್ಪ."

ಕೊನೆಗೆ ಅವರು ಉಳಿಯನ್ನು ಹಲಗೆಗೆ ಮಾತ್ರ ಇಟ್ಟರು. ಕತ್ತು ಕೂರುವ ಗುಂಡಿಯನ್ನು ಕೆತ್ತಿಕೊಟ್ಟರು. ಕತ್ತಿಗೆ ಸ್ಕ್ರೂ ಬಿಗಿಯುವ ಕೆಲಸವನ್ನು, ಅದು ನಿಂದು, ಅಂತ ನನಗೇ ಬಿಟ್ಟರು.

ಉಳಿದದ್ದೆಲ್ಲ ಕಂಡಕಂಡಲ್ಲಿಂದ ಬಂತು. ತಂತಿ ಬಿಗಿಯುವ ಕಿವಿಗಳಲ್ಲಿ ಎರಡು ಹಳೆಯವು, ಇನ್ನೆರಡು ಮೈಸೂರಿನ ರಿಪೇರಿ ಅಂಗಡಿಯ ಡಬ್ಬದಲ್ಲಿ ಸಿಕ್ಕಿದವು, ಅವು ಉಲ್ಟಾ ತಿರುಗುತ್ತಿದ್ದವು. ತಂತಿಯ ಬುಡವನ್ನು ಹಿಡಿಯುವ ಬ್ರಿಡ್ಜನ್ನು ಕೆ.ಆರ್.ಪೇಟೆಯ ವೆಲ್ಡಿಂಗ್ ಶಾಪಿನಲ್ಲಿ ಹಿತ್ತಾಳೆ ಪಟ್ಟಿ ಬಗ್ಗಿಸಿ ಮಾಡಿಸಿದೆ. ತಂತಿಯ ಕಂಪನವನ್ನು ಕರೆಂಟಿಗೆ ತಿರುಗಿಸುವ ಪಿಕಪ್ ಮಾತ್ರ ನನ್ನ ಕೈಕೆಲಸ. ಆಯಸ್ಕಾಂತವನ್ನು ಹೊಲಿಗೆ ಮಿಷನ್ನಿನ ಚಕ್ರಕ್ಕೆ ಕಟ್ಟಿ, ಅದರ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯನ್ನು ಸುತ್ತಿದೆ. ಎಷ್ಟೋ ಸಲ ತುಂಡಾಗಿ ಮೊದಲಿಂದ ಸುತ್ತಬೇಕಾಯಿತು. ಅವ್ವನ ಹೊಲಿಗೆ ಅಷ್ಟು ದಿನ ನಿಂತಿತು.

ಎಲ್ಲ ಜೋಡಿಸಿದ ಮಧ್ಯಾಹ್ನ ಅಂಗಡಿಯ ಷಟರ್ ಅರ್ಧ ಎಳೆದು, ಆಂಪ್ಲಿಫೈಯರ್ ಹಾಕಿ, ಅತಿ ದಪ್ಪ ತಂತಿಯನ್ನು ಮೀಟಿದೆ. ಕಪಾಟಿನಲ್ಲಿದ್ದ ರೇಡಿಯೋಗಳ ಡಯಲ್ ಗಾಜುಗಳೆಲ್ಲ ಒಟ್ಟಿಗೆ ಗಿಜಿಗುಟ್ಟಿದವು. ಎದೆಯ ಮೂಳೆಯಲ್ಲಿ ಸ್ವರ ನಿಂತ ಹಾಗಾಯಿತು. ಅಷ್ಟು ಖುಷಿ ಪಟ್ಟ ದಿನ ಆ ವಯಸ್ಸಿನಲ್ಲಿ ಇನ್ನೊಂದಿಲ್ಲ. ಒಂದೊಂದೇ ಫ್ರೆಟ್ ಒತ್ತಿ ಮೇಲಕ್ಕೆ ಹೋದೆ. ಎಲ್ಲವೂ ಗುಂಯ್ ಅಂತ ಉದ್ದಕ್ಕೆ ನಿಲ್ಲುತ್ತಿದ್ದವು.

ತೆಳು ತಂತಿಯ ಐದನೇ ಫ್ರೆಟ್ಟಿಗೆ ಬಂದೆ. ದುಬ್.

ಅಷ್ಟೇ. ಯಾರೋ ಹಿಂದಿನಿಂದ ಬಂದು ತಂತಿಯ ಮೇಲೆ ಅಂಗೈ ಇಟ್ಟ ಹಾಗೆ ಆ ಸ್ವರ ಹುಟ್ಟಿದಲ್ಲೇ ಹೂತುಹೋಯಿತು. ಆರನೆಯದು ಸರಿಯಾಗಿತ್ತು, ನಾಲ್ಕನೆಯದೂ ಸರಿಯಾಗಿತ್ತು. ಅದೊಂದು ಮಾತ್ರ ಇಲ್ಲ. ತಂತಿ ಬದಲಿಸಿದೆ, ಬ್ರಿಡ್ಜ್ ಎತ್ತರಿಸಿದೆ, ಸ್ಕ್ರೂ ಬಿಚ್ಚಿ ಮತ್ತೆ ಬಿಗಿದೆ. ಫ್ರೆಟ್ಟನ್ನು ಉಜ್ಜಿದೆ. ಏನು ಮಾಡಿದರೂ ದುಬ್. ಕೆಲವು ಕತ್ತುಗಳ ಮರಕ್ಕೆ ಒಂದು ಸ್ವರವನ್ನು ಕುಡಿದುಬಿಡುವ ಗುಣ ಇರುತ್ತದೆ ಅಂತ ಎಷ್ಟೋ ಆಮೇಲೆ ಮೈಸೂರಿನ ರಿಪೇರಿಯವರು ಹೇಳಿದರು. ಆಗ ಅದು ಗೊತ್ತಿರಲಿಲ್ಲ. ಅಂಗಡಿಯಲ್ಲಿ ಒಬ್ಬನೇ ಕೂತು ಆ ಸ್ವರವನ್ನು ಮೀಟುವುದಕ್ಕೇ ಒಂಥರಾ ಹಿಂಜರಿಕೆ ಶುರುವಾಯಿತು.

ಒಂದು ಭಾನುವಾರ ಟೀಚರಿಗೆ ತೋರಿಸೋಣ ಅಂತ ಗಿಟಾರನ್ನೂ ಸಣ್ಣ ಆಂಪ್ಲಿಫೈಯರನ್ನೂ ಹೊತ್ತು ಶ್ರೀರಂಗಪಟ್ಟಣಕ್ಕೆ ಹೋದೆ. ಕಂಬಕ್ಕೆ ಒರಗಿ ಕೂತು ಕೇಳಿದರು. ನಾನು ಸ್ವರಗಳನ್ನು ಸಾಲಾಗಿ ನುಡಿಸುತ್ತ ಆ ಜಾಗಕ್ಕೆ ಬಂದೆ. ದುಬ್ ಅಂತು. ಅವರು ತಟ್ಟನೆ ತಲೆ ಎತ್ತಿದರು.

"ಇನ್ನೂ ಹಾಗೇ ಇದೆಯಲ್ಲಪ್ಪ ಅದು!"

"ನಿಮ್ಗೂ ಗೊತ್ತಾ ಮೇಡಂ?"

"ಗೊತ್ತಿಲ್ದೆ ಏನು. ದಿನಾ ಇದೇ ಹಜಾರದಲ್ಲಿ ಸಾಧನೆ ಮಾಡ್ತಿದ್ದ. ಆ ಸ್ವರಾನ ನೇರ ಮುಟ್ಟುತಾನೇ ಇರ್ಲಿಲ್ಲ ಅವನು. ಕೆಳಗಿಂದ ಜಾರಿಸ್ಕೊಂಡು ಬಂದು, ಅಲ್ಲಿ ನಿಲ್ಲದೆ ಮುಂದಕ್ಕೆ ಹೋಗ್ತಿದ್ದ. ಹೀಗೆ." ಕಣ್ಣು ಮುಚ್ಚಿ ಆ ಜಾರುವಿಕೆಯನ್ನು ಹಾಡಿ ತೋರಿಸಿದರು. ವೀಣೆ ಕಲಿತವರ ಕಂಠ. ಆಮೇಲೆ ನಕ್ಕರು. ಅವರು ನಕ್ಕಿದ್ದನ್ನು ನಾನು ಕಂಡದ್ದು ಅವತ್ತೇ. "ನಿದ್ದೆಗಣ್ಣಲ್ಲಿ ಕೊಟ್ಟರೂ ಅವನ ಬೆರಳು ಅಲ್ಲಿ ಜಾರುತ್ತೆ."

ನಾನೂ ಹಾಗೇ ಜಾರಿಸಲು ಕಲಿತೆ. ಕಲಿತ ಮೇಲೆ ಆ ಜಾಗ ಕಾಡಲಿಲ್ಲ. ಆದರೆ ಬೇರೆಯವರು ಕಾಡತೊಡಗಿದರು. ದೇವಲಾಪುರದ ಒಂದು ಮದುವೆಯಲ್ಲಿ ನಾನು ಮೂಲೆಯಲ್ಲಿ ಡ್ರಮ್ಸಿನ ಹಿಂದೆ ನಿಂತಿದ್ದೆ. ಹಾಡು ಮುಗಿದಾಗ ಓಲಗದವರ ಪೈಕಿ ಒಬ್ಬ ಹಿರಿಯರು ಆ ಜಾರುವಿಕೆಯ ಗುರುತು ಹಿಡಿದು ಸ್ಟೇಜಿನ ಪಕ್ಕಕ್ಕೆ ಬಂದು, ಆ ತಮ್ಮನ ಹೆಸರು ಹಿಡಿದು ಕೂಗಿ, "ಯಾವಾಗ್ಲಾ ಬಂದೆ?" ಅಂದರು. ನಾನು ಇಣುಕಿದಾಗ ನನ್ನ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ಬೆಳ್ಳೂರಿನಲ್ಲಿ ಬಾರಿಸಲು ಹೋದಾಗ ಬೇಕೆಂತಲೇ ಬಿಡುವಿನಲ್ಲಿ ಆ ಟೀ ಅಂಗಡಿಗೆ ಹೋದೆ. ಅಂಗಡಿಯವನಿಗೆ ಅವನು ಚೆನ್ನಾಗಿ ನೆನಪಿದ್ದ. "ಟೀ ಕುಡ್ದು ಲೋಟ ಇಕ್ದ. ಆ ಕಡೀಕೆ ಓದ," ಅಂತ ಕೈ ತೋರಿಸಿದ. ಅವನು ತೋರಿಸಿದ ಕಡೆ ರಸ್ತೆಯೇ ಇರಲಿಲ್ಲ, ರಾಗಿ ಹೊಲ ಇತ್ತು. ನಾನು ಟೀಯನ್ನು ಅರ್ಧಕ್ಕೇ ಬಿಟ್ಟು ಎಲ್ಲರೂ ಕಾಣುವ ಕಡೆಯಿಂದ ಸ್ಟೇಜಿಗೆ ಓಡಿದೆ.

ಹೀಗೆ ಒಂದೂವರೆ ವರ್ಷ ಕಳೆದಿರಬೇಕು. ಒಂದು ಬೆಳಿಗ್ಗೆ ಪಕ್ಕದ ಎಸ್‌ಟಿಡಿ ಬೂತಿನವನು ಕೂಗಿದ. ಫೋನಿನಲ್ಲಿ ಟೀಚರ್.

"ಅವನು ಬಂದಿದಾನಪ್ಪ."

ಅವರ ದನಿಯಲ್ಲಿ ನಾನು ನಿರೀಕ್ಷಿಸಿದ ಅಳುವೂ ಇರಲಿಲ್ಲ, ಸಂತೋಷವೂ ಇರಲಿಲ್ಲ.

"ಗಿಟಾರ್ ತಗೊಂಡು ಬಾ. ವಾಪಸ್ ಕೊಡೋಕಲ್ಲ. ಸುಮ್ಮನೆ ತಗೊಂಡು ಬಾ."

ಮಧ್ಯಾಹ್ನದ ಹೊತ್ತಿಗೆ ಹೋದೆ. ಟೀಚರ್ ಬೀದಿಯ ತಿರುವಿನಲ್ಲೇ ಕಾಯುತ್ತಿದ್ದರು. ಮನೆಯ ಕಡೆ ನೋಡುತ್ತ ತಗ್ಗಿದ ದನಿಯಲ್ಲಿ ಮಾತಾಡಿದರು. ಹಿಂದಿನ ವಾರ ಮಟಮಟ ಮಧ್ಯಾಹ್ನ ಅವನು ಬಾಗಿಲು ತಳ್ಳಿಕೊಂಡು ಬಂದು, ಕಂಬ ಹಿಡಿದು ನಿಂತು, "ಅಕ್ಕಾ" ಅಂದನಂತೆ. ಹುಬ್ಬಳ್ಳಿ, ಮೀರಜ್ ಕಡೆ ಹೋಟೆಲುಗಳಲ್ಲಿ ಕೆಲಸ ಮಾಡಿಕೊಂಡಿದ್ದನಂತೆ. ಜ್ವರ ಬಂದು ತಿಂಗಳುಗಟ್ಟಲೆ ಮಲಗಿ ಬಹಳ ಸಂಗತಿ ಮರೆತುಹೋಗಿದೆಯಂತೆ. ಬೀದಿಯವರೆಲ್ಲ ಬಂದು ನೋಡಿ, ಅವನೇ, ಇಳಿದುಹೋಗಿದಾನೆ ಅಷ್ಟೇ, ಅಂದರಂತೆ.

"ಮುಖ ಅವನದೇ," ಅಂದರು ಟೀಚರ್. "ಕಿವಿ ಹತ್ತಿರದ ಮಚ್ಚೆನೂ ಇದೆ. ಅಪ್ಪನ ಹೆಸರು, ಅಮ್ಮ ತೀರಿಕೊಂಡ ವರ್ಷ, ಎಲ್ಲ ಹೇಳ್ತಾನೆ. ಆದರೆ ಬಚ್ಚಲುಮನೆ ಎಲ್ಲಿ ಅಂತ ನನ್ನನ್ನ ಕೇಳಿದ. ಹುಟ್ಟಿದ ಮನೆ ಕಣಪ್ಪ ಇದು."

"ಜ್ವರದಿಂದ ಇರ್ಬೋದು ಮೇಡಂ."

"ಇರಬಹುದು. ಅದಕ್ಕೇ ನಿನ್ನ ಕರೆದದ್ದು. ತಲೆ ಮರೆತರೂ ಬೆರಳು ಮರೆಯಲ್ಲ ಅಂತ ನನ್ನ ನಂಬಿಕೆ."

ಅವನು ಹಜಾರದಲ್ಲಿ ಚಾಪೆಯ ಮೇಲೆ ಕೂತಿದ್ದ. ಮೂವತ್ತು ದಾಟಿದ ಬಡಕಲು ಮನುಷ್ಯ, ಹೊಸ ಬನಿಯನ್ನು, ನುಣ್ಣಗೆ ಬಾಚಿದ ತಲೆ. ನನ್ನನ್ನು ನೋಡಿ ಸಂಕೋಚದಿಂದ ನಕ್ಕ. ಒಳ್ಳೆಯ ನಗು. ಅಕ್ಕ ಅಡಿಗೆಮನೆಗೆ ಹೋದರು. ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚುವ ಸದ್ದು ಬರತೊಡಗಿತು.

"ನಿಮ್ಮ ಗಿಟಾರ್ ಕತ್ತೇ ಸಾರ್ ಇದು. ಮೈ ಮಾತ್ರ ನಾನು ಬೇರೆ ಮಾಡ್ಸಿದ್ದು," ಅಂತ ಕೊಟ್ಟೆ.

ಅವನು ತೊಡೆಯ ಮೇಲಿಟ್ಟುಕೊಂಡ. ಹಿಡಿಯಲು ಬಾರದವನಲ್ಲ, ಎಡಗೈ ಸರಿಯಾಗಿಯೇ ಕತ್ತನ್ನು ಸುತ್ತಿತು. ನಾನು ವಯರು ಸಿಕ್ಕಿಸಿದೆ. ಒಂದೆರಡು ತಂತಿ ಮುಟ್ಟಿ ನೋಡಿದ. ನಿಧಾನವಾಗಿ, ಯಾವುದೋ ಹಾಡಿನ ಅಡಿಸ್ವರಗಳನ್ನು ನುಡಿಸತೊಡಗಿದ. ತಪ್ಪಿರಲಿಲ್ಲ. ಗೊತ್ತಿದ್ದವನ ಕೈಯೇ. ನನಗೆ ಎಷ್ಟು ನಿರಾಳವಾಯಿತೆಂದರೆ, ಅಡಿಗೆಮನೆಯ ಕಡೆ ತಿರುಗಿ ನಕ್ಕೆ ಕೂಡ.

ಆಗ ಅವನ ಬೆರಳು ತೆಳು ತಂತಿಗೆ ದಾಟಿ, ನೇರವಾಗಿ ಐದನೇ ಫ್ರೆಟ್ಟಿನ ಮೇಲೆ ಕೂತಿತು.

ದುಬ್.

ಈಳಿಗೆಯ ಸದ್ದು ನಿಂತಿತು.

ಅವನಿಗೆ ಗಾಬರಿಯಾಗಲಿಲ್ಲ. ಹುಬ್ಬು ಗಂಟಿಕ್ಕಿ, ನಾನು ಮೊದಲ ದಿನ ಮಾಡಿದ ಹಾಗೇ, ಇನ್ನೊಮ್ಮೆ ಮೀಟಿದ. ಮತ್ತೊಮ್ಮೆ ಮೀಟಿದ. ದುಬ್, ದುಬ್. "ಇಲ್ಲೇನೋ ತೊಂದರೆ ಇದೆ, ನೋಡಿ," ಅಂತ ನನಗೆ ತೋರಿಸಿದ. ದನಿಯಲ್ಲಿ ಕಪಟ ಇರಲಿಲ್ಲ. ಈ ಕತ್ತನ್ನು ಜೀವನದಲ್ಲಿ ಮೊದಲ ಸಲ ಹಿಡಿದವನ ಮಾತು ಅದು. ಹೊರಗೆ ಬೀದಿಯಲ್ಲಿ ಉರಿಬಿಸಿಲು, ನನ್ನ ತೋಳಿನ ರೋಮ ಎದ್ದು ನಿಂತಿತ್ತು. ಜ್ವರದಲ್ಲಿ ಬೆರಳಿನ ನೆನಪೂ ಸುಟ್ಟುಹೋಗುತ್ತದೆಯೋ ಏನೋ, ಅಂತ ನನಗೆ ನಾನೇ ಹೇಳಿಕೊಂಡೆ. ಆಗಬಹುದು. ಇವತ್ತೂ ಅದು ಆಗಲಾರದ್ದು ಅಂತ ಹೇಳಲಾರೆ.

ಬಹಳ ಹೊತ್ತಿನ ಮೇಲೆ ಅಡಿಗೆಮನೆಯಿಂದ ಒಗ್ಗರಣೆಯ ಸದ್ದು ಬಂತು. ಆಮೇಲೆ ಟೀಚರ್ ಹೊರಗೆ ಬಂದರು. ಮುಖ ತೊಳೆದಿದ್ದರು. ಅವನ ಎದುರು ನಿಂತು ಸ್ವಲ್ಪ ಹೊತ್ತು ನೋಡಿದರು. ಅವನೂ ತಲೆ ಎತ್ತಿ ನೋಡಿದ. ಬೆರಳು ಇನ್ನೂ ಅದೇ ಫ್ರೆಟ್ಟಿನ ಮೇಲಿತ್ತು.

"ಸಾಕು, ಏಳೋ," ಅಂದರು. "ಎಲೆ ಹಾಕಿದೀನಿ."

ನನಗೂ ಬಡಿಸಿದರು. ಮೂವರೂ ಉಂಡೆವು. ಅವನಿಗೆ ಎರಡನೇ ಸಲ ಹುಳಿ ಬಡಿಸುವಾಗ, "ಮೊದಲು ಹುಳಿ ಅಂದರೆ ಮೂಗು ಮುರೀತಿದ್ದೆ," ಅಂದರು. ಅವನು, "ಈಗ ಅಭ್ಯಾಸ ಆಯ್ತು ಅಕ್ಕ," ಅಂದ.

ಹೊರಡುವಾಗ ಬೀದಿಯ ತಿರುವಿನವರೆಗೆ ಬಂದರು. ಅವರೇ ಹೇಳಿದರು.

"ಇಷ್ಟು ವರ್ಷ ಚಿಲಕ ಹಾಕ್ದೆ ಕಾಯ್ತಿದ್ದೆ. ಒಬ್ಬನು ಬಾಗಿಲು ತಳ್ಕೊಂಡು ಬಂದು ಅಕ್ಕಾ ಅಂದ. ಎದ್ದು ಹೋಗು ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಪೊಲೀಸಿಗೆ ಏನಾದ್ರೂ..."

"ಏನಂತ ಹೇಳೋದು? ಒಂದು ಸ್ವರ ಜಾರಿಸ್ಲಿಲ್ಲ ಅಂತಲಾ?" ಗಿಟಾರಿನ ಚೀಲವನ್ನು ಒಮ್ಮೆ ಮುಟ್ಟಿದರು. "ಇದು ನಿನ್ನ ಹತ್ತಿರಾನೇ ಇರಲಿ. ಈ ಮನೆಗೆ ಮಾತ್ರ ಮತ್ತೆ ತರಬೇಡ."

ಬಸ್ಸಿನಲ್ಲಿ ಗಿಟಾರನ್ನು ಮಡಿಲಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ಮೇಲಿನ ಕಂಬಿಗೆ ಹಾಕಿ ದೂರ ಕೂತೆ. ಆರ್ಕೆಸ್ಟ್ರಾದವರಿಗೆ ತಮ್ಮ ಬಂದ ಸುದ್ದಿ ಮಾತ್ರ ಹೇಳಿದೆ. ಇನ್ನೊಂದೆರಡು ಸೀಸನ್ ಬಾರಿಸಿದೆ. ಆ ಜಾರುವ ಜಾಗಕ್ಕೆ ಬಂದಾಗಲೆಲ್ಲ, ನನ್ನ ಬೆರಳಿನಲ್ಲಿ ಇರುವುದು ಎಲ್ಲೋ ರಾಗಿ ಹೊಲದ ಕಡೆ ಹೋದವನ ಕೈ ಅನ್ನಿಸಿ ಬೆವರುತ್ತಿದ್ದೆ. ಆಮೇಲೆ ಬಾಸನ್ನೂ ತಾನೇ ನುಡಿಸುವ ಹೊಸ ಕೀಬೋರ್ಡ್ ಬಂತು. ತಂಡ ಕರಗಿತು. ಕಿವಿಗಳನ್ನು ಒಬ್ಬರಿಗೆ, ಪಿಕಪ್ಪನ್ನು ಇನ್ನೊಬ್ಬರಿಗೆ ಬಿಚ್ಚಿ ಕೊಟ್ಟೆ. ಹಲಸಿನ ಮೈಯನ್ನು ಅವ್ವ ತರಕಾರಿ ಹೆಚ್ಚುವ ಮಣೆ ಮಾಡಿಕೊಳ್ಳುತ್ತೇನೆ ಅಂದಳು, ಬೇಡ ಅಂದು ಕತ್ತಿನ ಜೊತೆ ನಮ್ಮ ಅಟ್ಟಕ್ಕೆ ಹಾಕಿದೆ.

ಟೀಚರ ಮನೆಗೆ ಬಂದವನು ಶ್ರೀರಂಗಪಟ್ಟಣದಲ್ಲೇ ಉಳಿದ. ದೇವಸ್ಥಾನದ ಬೀದಿಯಲ್ಲಿ ಹಣ್ಣುಕಾಯಿ ಅಂಗಡಿ ಇಟ್ಟ. ಅಕ್ಕನಿಗೆ ಕಾಲುನೋವು ಬಂದಾಗ ಶಾಲೆಗೆ ಸೈಕಲ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದನಂತೆ. ಹಳೇ ತಮ್ಮ ಅಷ್ಟು ಮಾಡುತ್ತಿರಲಿಲ್ಲ ಅಂತ ಡ್ರಮ್ಸಿನವನೇ ಹೇಳಿದ. ಏನೂ ಅರಿಯದೆ ಹೇಳಿದ ಮಾತು ಅದು.

ಆ ದಶಕದ ಕೊನೆಗೆ ನಮ್ಮಪ್ಪ ತೀರಿಕೊಂಡ. ಆ ವರ್ಷ ಮಹಾಲಯ ಅಮಾವಾಸ್ಯೆಗೆ ಚಿಕ್ಕಪ್ಪ ನನ್ನನ್ನು ಶ್ರೀರಂಗಪಟ್ಟಣದ ಹತ್ತಿರದ ಪಶ್ಚಿಮವಾಹಿನಿಗೆ ಕರೆದುಕೊಂಡು ಹೋದರು. ಕಾವೇರಿ ತುಂಬಿ ಹರಿಯುತ್ತಿದ್ದಳು. ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಜನ. ನಮ್ಮ ಸರದಿ ಕಾಯುತ್ತ ನಿಂತಾಗ ಎರಡು ಮೆಟ್ಟಿಲು ಕೆಳಗೆ ಆ ಹಣ್ಣುಕಾಯಿ ಅಂಗಡಿಯವನು ಕೂತಿರುವುದು ಕಂಡಿತು. ಪಂಚೆ, ಜನಿವಾರ, ಬೆರಳಿಗೆ ದರ್ಭೆ. ಅವನು ನನ್ನನ್ನು ನೋಡಲಿಲ್ಲ. ಪುರೋಹಿತರು ಹೇಳಿಕೊಟ್ಟ ಹಾಗೆ ಅಪ್ಪನಿಗೆ, ಅಮ್ಮನಿಗೆ, ತಾತನಿಗೆ ಎಳ್ಳುನೀರು ಬಿಟ್ಟ. ಒಂದು ಅಕ್ಷರ ತಪ್ಪದೆ ಹೇಳುತ್ತಿದ್ದ.

"ಇನ್ಯಾರಾದರೂ ಇದ್ದಾರೇನಪ್ಪ? ಬಂಧುಗಳು, ಸ್ನೇಹಿತರು?" ಅಂದರು ಪುರೋಹಿತರು.

ಅವನು ಒಂದು ಹೆಸರು ಹೇಳಿದ.

ಪುರೋಹಿತರು ಆ ಬೀದಿಯವರೇ, ಮನೆಮಂದಿಯನ್ನೆಲ್ಲ ಬಲ್ಲವರು. ಪಂಚಪಾತ್ರೆ ಹಿಡಿದ ಕೈ ನಿಂತಿತು. "ಅದು ನಿನ್ನ ಹೆಸರಲ್ಲವೇನಯ್ಯ?"

"ಹೌದು," ಅಂದ ಅವನು. "ಅವರಿಗೂ ಬಿಡ್ತೀನಿ."

"ಗೋತ್ರ?"

"ಇದೇ ಗೋತ್ರ."

ಪುರೋಹಿತರು ತಲೆ ಎತ್ತಿ ಮೇಲಿನ ಮೆಟ್ಟಿಲಿನ ಕಡೆ ನೋಡಿದರು. ನಾನೂ ನೋಡಿದೆ. ಟೀಚರ್ ಅಲ್ಲೇ ನಿಂತಿದ್ದರು. ತಲೆ ಪೂರ್ತಿ ನರೆತಿತ್ತು. ಅಷ್ಟು ಹತ್ತಿರ ಇದ್ದರು, ಕೇಳದೆ ಇರಲು ಸಾಧ್ಯವಿರಲಿಲ್ಲ. ಪುರೋಹಿತರಿಗೆ ಕಾಣುವ ಹಾಗೆ, ಆಗಲಿ ಅನ್ನುವಂತೆ, ನಿಧಾನವಾಗಿ ತಲೆ ಆಡಿಸಿದರು.

ಮಂತ್ರ ಮತ್ತೆ ಶುರುವಾಯಿತು. ಅವನು ಕೈ ಬಗ್ಗಿಸಿ, ಹೆಬ್ಬೆರಳಿನ ಪಕ್ಕದಿಂದ ಎಳ್ಳುನೀರನ್ನು ಹೊಳೆಗೆ ಬಿಟ್ಟ. ಎದ್ದು ಮೇಲಕ್ಕೆ ಬಂದಾಗ ಟೀಚರ್ ಟವೆಲ್ ಬಿಡಿಸಿ ಹಿಡಿದಿದ್ದರು.

"ಬೇಗ ಒರೆಸ್ಕೋ," ಅಂದರು. "ಗಾಳಿ ಜಾಸ್ತಿ ಇದೆ."